ಚನ್ನಪ್ಪ ಕಾಕಾನ ಜೀಪು ಮತ್ತು ನಮ್ಮ ಚರಗ

ದಿನಾಂಕ ೧೨ ಅಕ್ಟೋಬರ್ ೧೯೫೮, ಭಾನುವಾರ. ಬೆಳಿಗ್ಗೆ ಏಳೂಕಾಲು ಗಂಟೆಗೆ ಇದನ್ನು ಬರೆಯಲು ಕುಳಿತಿದ್ದೇನೆ.

ಸ್ವಲ್ಪ ಹೊತ್ತಿನ ಹಿಂದೆ ರೋಣದ ನಮ್ಮ ಮನೆಯ ಮುಂದೆ ಒಂದು ಸರ್ಕಾರಿ ಜೀಪು ನಿಂತಿತ್ತು. ಒಳಗಿದ್ದವರು ಯಾವಗಲ್ ಊರಿಗೆ ಹೋಗುವ ದಾರಿ ಕೇಳಿದರು, ನಾನು ಹೇಳಿದೆ, ಅವರು ಹೋದರು. ನಡೆದದ್ದು ಅಷ್ಟೇ. ಆದರೆ ಪೆಟ್ರೋಲಿನ ವಾಸನೆ ಪಡಸಾಲೆ ದಾಟಿ ಅಡುಗೆಮನೆಯವರೆಗೂ ನುಗ್ಗಿತ್ತು. ಅವ್ವ ಹಾಲಿನ ಪಾತ್ರೆಗೆ ತಟ್ಟೆ ಮುಚ್ಚಿ ಹೊರಗೆ ಬಂದಳು.

“ಏನ್ ಕೇಳಿದ್ರು?”

“ದಾರಿ.”

“ದಾರಿ ಅಷ್ಟ? ಹೆಸರು ಗಿಸರು ಬರ್ಕೊಂಡ್ರೇನು?”

“ಇಲ್ಲವ್ವಾ.”

“ಜೀಪಿನಾಗ ಬಂದಾವ್ರು ಬರೇ ದಾರಿ ಕೇಳಿ ಹೋಗೂದಿಲ್ಲ,” ಎಂದ ಅವ್ವ ಧೂಳು ಪೂರ್ತಿ ಕೂಡ್ರುವವರೆಗೂ ಬಾಗಿಲಲ್ಲೇ ನಿಂತಿದ್ದಳು.

ಓದುಗರೇ, ನಿಮಗೆ ಇದು ವಿಚಿತ್ರವೆನಿಸಬಹುದು. ಆದರೆ ನಮ್ಮ ಮನೆಯ ಮಟ್ಟಿಗೆ ಜಗತ್ತಿನಲ್ಲಿ ಇರುವುದು ಒಂದೇ ಜೀಪು. ಉಳಿದ ಜೀಪುಗಳೆಲ್ಲ ಅದರ ನೆಂಟರು. ಆ ಒಂದು ಜೀಪಿನಲ್ಲಿ ನಾವು ಒಂದೇ ಒಂದು ದಿನ ಕುಳಿತಿದ್ದೆವು. ಆ ದಿನದ ವಿಚಾರ ಇನ್ನೂ ಮುಗಿದಿಲ್ಲ.

ನಾನು ಸಣ್ಣವಳಿದ್ದಾಗಿನಿಂದ ದಿನಚರಿ ಬರೆಯುವವಳು. ಮಳೆ ಬಂದ ದಿನ, ಆಕಳು ಈದ ದಿನ, ಆಯಿ ಒಂದೇ ಕಥೆಯನ್ನು ಎಷ್ಟನೆಯ ಸಲ ಹೇಳಿದಳು ಎಂಬುದು, ಎಲ್ಲಕ್ಕೂ ಲೆಕ್ಕ ಇಟ್ಟಿದ್ದೇನೆ. ಆಯಿ ಎಂದರೆ ನನ್ನ ತಂದೆಯ ತಾಯಿ. ಸಾಲೆಯಲ್ಲಿ ಗೆಳತಿಯರು ನನ್ನನ್ನು ‘ತಲಾಟಿ’ ಎಂದು ಕರೆಯುತ್ತಿದ್ದರು. ಊರಿನ ಹೊಲಗಳ ಲೆಕ್ಕ ಇಡುವ ತಲಾಟಿಗೆ ಸಂಬಳವಾದರೂ ಇದೆ, ನನಗೆ ಅದೂ ಇಲ್ಲ ಎಂದು ಅವ್ವ ನಗುತ್ತಿದ್ದಳು. ಇಷ್ಟು ಲೆಕ್ಕ ಇಟ್ಟವಳಿಗೂ ಆ ಒಂದು ದಿನದ ಲೆಕ್ಕ ಇವತ್ತಿನವರೆಗೆ ಕೂಡಿಲ್ಲ.

ಚನ್ನಪ್ಪ ಕಾಕಾ ನನ್ನ ಅಜ್ಜನ ತಮ್ಮನ ಮಗ. ಗಜೇಂದ್ರಗಡದಲ್ಲಿ ಹತ್ತಿ ವ್ಯಾಪಾರ. ಅಲ್ಲಿಯ ಗುಡ್ಡಗಳ ನಡುವಿನ ಕಣಿವೆಯಲ್ಲಿ ಅವನಿಗೂ ನಮಗೂ ಅಕ್ಕಪಕ್ಕದಲ್ಲೇ ಹೊಲ. ಹಿರಿಯರು ಇದ್ದಾಗ ಬಾಯಿಮಾತಿನಲ್ಲೇ ಹಂಚಿಕೊಂಡದ್ದು, ಕಾಗದ ಪತ್ರ ಏನೂ ಆಗಿರಲಿಲ್ಲ. ನನ್ನ ಅಪ್ಪ ತೀರಿಕೊಂಡ ಮೇಲೆ ನಮ್ಮ ಪಾಲಿನ ಹೊಲವನ್ನೂ ಕಾಕಾನೇ ತನ್ನ ಆಳುಗಳಿಂದ ಉಳುಮೆ ಮಾಡಿಸಿ ಬಿತ್ತಿಸುತ್ತಿದ್ದ. ಸುಗ್ಗಿಯಾದ ಮೇಲೆ ನಮ್ಮ ಪಾಲಿನ ಸಜ್ಜೆ, ಶೇಂಗಾ ಬಂಡಿಯಲ್ಲಿ ರೋಣಕ್ಕೆ ಬರುತ್ತಿತ್ತು. ನಮ್ಮ ಮನೆಯಲ್ಲಿ ಗಂಡಸರು ಇರಲಿಲ್ಲ. ಆಯಿ, ಅವ್ವ, ನಾನು. ನಮ್ಮ ಊಟ, ನನ್ನ ಸಾಲೆ ಎರಡೂ ನಡೆಯುತ್ತಿದ್ದದ್ದು ಆ ಹೊಲದ ಮೇಲೆ.

ಆಗ ಎಲ್ಲ ಕಡೆಯೂ ಒಂದೇ ಮಾತು ಕೇಳಿಬರುತ್ತಿತ್ತು. ಉಳುವವನಿಗೇ ಹೊಲ ಕೊಡುವ ಕಾಯ್ದೆ ಗಟ್ಟಿಯಾಗುತ್ತದೆ, ನೇಗಿಲು ಯಾರದೋ ನೆಲ ಅವರದು ಎಂದು. ದುಡಿದವನಿಗೆ ನೆಲ ಸಿಗುವುದು ನ್ಯಾಯವೆಂದು ನನಗೂ ಅನ್ನಿಸುತ್ತದೆ. ಆದರೆ ನಮ್ಮ ಹೊಲದ ನೇಗಿಲು ಕಾಕಾನದು, ಮತ್ತು ಕಾಕಾ ತನ್ನ ಕೈಯಿಂದ ಒಂದು ಕಳೆಯನ್ನೂ ಕಿತ್ತವನಲ್ಲ. ಅವ್ವನಿಗೆ ನಿದ್ದೆ ಹೋದದ್ದು ಆಗಲೇ. ಅವಳ ತವರು ನರಗುಂದ. ಅಲ್ಲಿ ಅವಳ ತಂದೆ ದಾಯಾದಿಯ ಬಾಯಿಮಾತು ನಂಬಿ ಊರ ಹತ್ತಿರದ ಹೊಲವನ್ನು ಕಳೆದುಕೊಂಡಿದ್ದರು. ಹೀಗಾಗಿ ಸಂಶಯ ಎನ್ನುವುದು ಅವ್ವನಿಗೆ ತವರಿನಿಂದ ಬಂದ ಬಳುವಳಿ.

ಇಂಥ ದಿನಗಳಲ್ಲಿ, ೧೯೫೩ರ ಅಕ್ಟೋಬರಿನಲ್ಲಿ, ಕಾಕಾ ಯುದ್ಧದ ಕಾಲದ ಒಂದು ಹಳೆಯ ಮಿಲಿಟರಿ ಜೀಪು ಕೊಂಡು, ಅದನ್ನು ತಾನೇ ಓಡಿಸಿಕೊಂಡು ನಮ್ಮ ಓಣಿಗೆ ಬಂದ. ಓಣಿಯ ನಾಯಿಗಳೆಲ್ಲ ಒಟ್ಟಿಗೆ ಬೊಗಳಿದವು.

“ವೈನಿ, ಸೀಗಿ ಹುಣ್ಣಿವಿ ದಿವ್ಸ ಎಲ್ಲಾರೂ ಬರ್ರಿ. ಕಣಿವಿ ತುಂಬ ಜೀಪಿನಾಗ ಅಡ್ಡ್ಯಾಡಿಸಿ ತರ್ತೀನಿ,” ಎಂದ ಅವ್ವನಿಗೆ. “ರಸ್ತಾ ಇಲ್ಲದ ಕಡೆನೂ ಹೋಗ್ತೈತಿದು. ಹೆಂಗಸ್ರು ಹುಡುಗ್ರು ಕುಂತ್ರೂ ಭಯ ಇಲ್ಲ. ನಿಮ್ಮ ನೆಗೆಣ್ಣಿ ಹೇಳ್ಯಾಳ, ಅಡಗಿ ಎಲ್ಲಾ ಅಕೀದ. ನೀವು ಏನೂ ತರಬ್ಯಾಡ್ರಿ.”

“ಹೊಲಕ್ಕೂ ಹೋಗ್ತೀರೇನು?” ಎಂದು ಅವ್ವ ಕೇಳಿದಳು.

“ಹೋದ್ರ ಹೋಗೂಣು,” ಎಂದ ಕಾಕಾ.

ಅವನು ಹೋದ ಮೇಲೆ ಅವ್ವ ಈ ಮಾತನ್ನು ಅಕ್ಕಿಯಂತೆ ಆರಿಸಿದಳು. ಅಪ್ಪ ಹೋದ ನಾಲ್ಕು ವರ್ಷದಲ್ಲಿ ಒಂದು ಸಲವೂ ನಮ್ಮನ್ನು ಊಟಕ್ಕೆ ಕರೆಯದವನು ಈಗ ಕರೆಯುತ್ತಾನೆ ಯಾಕೆ? ಏನೂ ತರಬೇಡಿ ಎನ್ನುತ್ತಾನೆ ಯಾಕೆ? “ಹೋದ್ರ ಹೋಗೂಣು” ಎಂದರೆ ಏನರ್ಥ? ಇನ್ನೂ ಒಂದು ಇತ್ತು. ಸುಮ್ಮನೆ ನೋಡಲಿಕ್ಕೆಂದೇ ಎಲ್ಲಿಗಾದರೂ ಹೋಗುವುದು ನಮ್ಮಲ್ಲಿ ಯಾರಿಗೂ ಗೊತ್ತಿರಲಿಲ್ಲ. ದೇವರಿಗೆ ಹೋಗುತ್ತಿದ್ದೆವು, ಮದುವೆಗೆ, ಮಣ್ಣಿಗೆ ಹೋಗುತ್ತಿದ್ದೆವು. ನೋಡಲು ಹೋಗುವುದು ಎಂದರೆ ಕನ್ಯೆಯನ್ನು, ಇಲ್ಲವೇ ಎತ್ತನ್ನು. ಆಗ ನನಗೆ ಹದಿನಾಲ್ಕು. ಯಾರಾದರೂ ಗಂಡಿನ ಕಡೆಯವರು ಗಿಡದ ಮರೆಯಲ್ಲಿ ನಿಂತು ನನ್ನನ್ನು ನೋಡುವ ಏರ್ಪಾಡಿದೆಯೇ ಎಂದೂ ಅವ್ವ ಒಂದು ಕ್ಷಣ ಯೋಚಿಸಿ, ನನ್ನ ಮುಖವನ್ನು ಒಮ್ಮೆ ನೋಡಿ, ಆ ಸಂಶಯವನ್ನು ಕೈಬಿಟ್ಟಳು.

ಕೊನೆಗೆ ಅವಳು ನಿರ್ಧಾರಕ್ಕೆ ಬಂದಳು. ಆಯಿಯ ಹೆಬ್ಬೆಟ್ಟು ಒತ್ತಿಸಿಕೊಳ್ಳಲಿಕ್ಕೆ ಈ ಕಾರಬಾರು. ಆಯಿಗೆ ಸಹಿ ಬರುತ್ತಿರಲಿಲ್ಲ.

“ಅತ್ತಿ, ಜೀಪಿನಾಗ ಕುಂತಿಂದ ಇಳಿಯೂತನಾ ಎಡಗೈ ಸೆರಗಿನಾಗ ಇಟ್ಕೊಳ್ರಿ. ಯಾರ್ ಕೇಳಿದ್ರೂ ಹೊರಗ ತಗೀಬ್ಯಾಡ್ರಿ.”

“ಹೆಬ್ಬಟ್ಟು ಮುಚ್ಚಿಕೊಂಡ್ರ ಜೀಪು ಹಿಡ್ಕೊಳ್ಳೂದು ಹ್ಯಾಂಗವಾ?” ಎಂದಳು ಆಯಿ.

“ಬಲಗೈಲೆ ಹಿಡ್ಕೊಳ್ರಿ.”

ಇಷ್ಟರ ಮೇಲೂ ಹೋಗುವುದೇಕೆ ಎಂದು ನೀವು ಕೇಳಬಹುದು. ನಾನೂ ಕೇಳಿದೆ. ಹೋಗದಿದ್ದರೆ ಹೊಲವನ್ನು ಬಿಟ್ಟುಕೊಟ್ಟಂತೆ ಆಗುತ್ತದೆ ಎಂದಳು ಅವ್ವ. ಹೋಗುವುದೂ ಅಪಾಯ, ಹೋಗದಿರುವುದೂ ಅಪಾಯ. ಕಾಕಾನ ಮಾತು ಮೀರಿ ಅವಳು ಒಂದು ಬುತ್ತಿಯನ್ನೂ ಕಟ್ಟಿದಳು. ಸಜ್ಜೆ ರೊಟ್ಟಿ, ಪುಂಡಿಪಲ್ಯ, ಒಂದಿಷ್ಟು ಶೇಂಗಾ ಹಿಂಡಿ. ಹಬ್ಬದ ಅಡುಗೆ ಏನೂ ಅಲ್ಲ. ಅಲ್ಲಿ ಉಣ್ಣದೇ ಇದ್ದರೆ ಹಸಿವಿಗೆ ಇರಲಿ ಎಂದು.

ಅಕ್ಟೋಬರ್ ೨೨, ಗುರುವಾರ, ನಸುಕಿನಲ್ಲೇ ಕಾಕಾ ಬಂದ. ಜೊತೆಗೆ ಅವನ ಹೆಂಡತಿ, ನನ್ನ ಚಿಗವ್ವ, ಹಸಿರು ಇಳಕಲ್ ಸೀರೆ ಉಟ್ಟು ನಗುತ್ತ ಕುಳಿತಿದ್ದಳು. ಮುಂದೆ ಕಾಕಾನ ಪಕ್ಕದಲ್ಲಿ ಆಯಿ. ಹಿಂದೆ ಎದುರುಬದುರಾಗಿ ಅವ್ವ, ಚಿಗವ್ವ, ನಾನು. ನಡುವೆ ಬಿಳಿ ಬಟ್ಟೆ ಮುಚ್ಚಿದ ದೊಡ್ಡ ಬುಟ್ಟಿ. ಅದರಿಂದ ಏಲಕ್ಕಿಯ ವಾಸನೆ ಬರುತ್ತಿತ್ತು. ಅವ್ವ ತನ್ನ ಗಂಟನ್ನು ತೊಡೆಯ ಮೇಲೆ ಎರಡೂ ಕೈಯಿಂದ ಹಿಡಿದು ಕುಳಿತಿದ್ದಳು.

ಅಬ್ಬಿಗೇರಿಯವರೆಗೆ ಎರಡೂ ಕಡೆ ಕರಿ ಎರೆಭೂಮಿ, ನೋಡಲು ಏನೂ ಇಲ್ಲ. ಗಜೇಂದ್ರಗಡ ದಾಟಿದ ಮೇಲೆ ಕಾಕಾ ರಸ್ತೆ ಬಿಟ್ಟು ಜೀಪನ್ನು ಹಳ್ಳದೊಳಕ್ಕೆ ಇಳಿಸಿದ. ನಾವು ಮೂವರೂ ಒಮ್ಮೆಲೇ ಮೇಲೆ ಹಾರಿ ಒಮ್ಮೆಲೇ ಕೆಳಗೆ ಬಿದ್ದೆವು. ಚಿಗವ್ವ ಗಟ್ಟಿಯಾಗಿ ನಕ್ಕಳು. ನನಗೂ ನಗು ಬಂತು. ಅವ್ವ ನನ್ನನ್ನು ನೋಡಿದಳು, ನನ್ನ ನಗು ನಿಂತಿತು.

ಆದರೆ ಕಣಿವೆ! ಮುಂಗಾರು ಚೆನ್ನಾಗಿ ಆಗಿದ್ದ ವರ್ಷ ಅದು. ಎರಡೂ ಬದಿಯ ಗುಡ್ಡಗಳು ಬಂಡೆಯ ಅಂಚಿನವರೆಗೂ ಹಸಿರಾಗಿದ್ದವು. ತಂಗಡಿ ಗಿಡಗಳು ಹಳದಿ ಹೂ ಹೊತ್ತು ನಿಂತಿದ್ದವು. ಸೀತಾಫಲದ ಗಿಡಗಳು ಕಲ್ಲಿನ ಸಂದಿನಿಂದಲೂ ಎದ್ದಿದ್ದವು. ಹಳ್ಳದ ಮರಳಿನ ಮೇಲೆ ನೀರು ತೆಳ್ಳಗೆ ಹರಿಯುತ್ತಿತ್ತು, ಚಕ್ರ ಹೋದ ಕಡೆ ಸೀಳಿ ಮತ್ತೆ ಕೂಡುತ್ತಿತ್ತು. ಬರಿ ಬಯಲನ್ನೇ ನೋಡಿ ಬೆಳೆದ ನನಗೆ ಇಷ್ಟು ಹತ್ತಿರದಲ್ಲಿ ಇಂಥದು ಇದೆ ಎಂದು ಯಾರೂ ಹೇಳಿರಲಿಲ್ಲ.

ಕಾಕಾ ಒಂದು ಕೈಯಿಂದ ಓಡಿಸುತ್ತ ಇನ್ನೊಂದು ಕೈಯಿಂದ ತೋರಿಸುತ್ತಿದ್ದ. “ಅಲ್ಲಿ ನೋಡ್ರಿ ವೈನಿ, ಗುಡ್ಡ ಹ್ಯಾಂಗ ಆನಿ ಕುಂತಂಗ ಕಾಣ್ತೈತಿ!”

“ನನಗ ಗುಡ್ಡ ಗುಡ್ಡದಂಗ ಕಾಣ್ತೈತಿ,” ಎಂದಳು ಅವ್ವ.

“ದೊಡ್ಡವ್ವಾ, ಎರಡೂ ಕೈಲೆ ಹಿಡ್ಕೋ. ಮುಂದ ಭಾಳ ಕಲ್ಲದಾವು.”

“ಒಂದ ಕೈ ಸಾಕಪಾ.”

“ಆ ಕೈಗೇನಾಗೇತಿ?”

“ಏನೂ ಆಗಿಲ್ಲ. ಏನೂ ಆಗಬಾರ್ದಂತ ಒಳಗೈತಿ,” ಎಂದಳು ಆಯಿ. ಅವ್ವ ಕೆಮ್ಮಿದಳು.

ಚಿಗವ್ವನಿಗೆ ನವಿಲು ನೋಡುವ ಆಸೆ. ಅವಳು ಕೇಳಿದ ಕಡೆಗೆಲ್ಲ ಕಾಕಾ ಜೀಪು ತಿರುಗಿಸಿದ. ಗಿಡಗಂಟೆಗಳ ನಡುವೆ, ಹಳ್ಳದ ಆಚೆ, ಮತ್ತೆ ಈಚೆ. ನವಿಲು ಕಂಡವು ಕೂಡ. ಚಿಗವ್ವ ಎಣಿಸಿದಳು, ನಾನು ಬರೆದುಕೊಂಡೆ. ಅವ್ವನ ಕಣ್ಣು ಮಾತ್ರ ದಾರಿಯ ಮೇಲೆ. ಅವಳು ಮದುವೆಯಾದ ಹೊಸದರಲ್ಲಿ ಬಂಡಿಯಲ್ಲಿ ಹೊಲಕ್ಕೆ ಬಂದವಳು, ಬಂಡಿ ದಾರಿ ಒಂದೇ ಅವಳಿಗೆ ಗೊತ್ತು.

“ಚನ್ನಪ್ಪಾ, ಇದು ಬಂಡಿ ದಾರಿ ಅಲ್ಲ.”

“ಬಂಡಿ ದಾರಿ ಬ್ಯಾರೆ, ಜೀಪಿನ ದಾರಿ ಬ್ಯಾರೆ, ವೈನಿ.”

“ದಾರಿ ಬ್ಯಾರೆ ಆದ್ರ ಹೊಲಾನೂ ಬ್ಯಾರೆ ಆಗ್ತೈತೇನು?”

ಕಾಕಾ ನಕ್ಕ. ಅವ್ವ ನನ್ನ ಕಿವಿಯಲ್ಲಿ ಹೇಳಿದಳು: “ದಿಕ್ಕು ತಪ್ಪಸಾಕತ್ಯಾನ. ನೆನಪಿಟ್ಕೋ.”

ಕಣಿವೆಯ ಇನ್ನೊಂದು ಬಾಯಿಯಿಂದ ಬಂದು ಜೀಪು ಒಂದು ಬನ್ನಿಗಿಡದ ಕೆಳಗೆ ನಿಂತಾಗ, ನಿಜವಾಗಿಯೂ ಅವ್ವನಿಗೆ ಅದು ಯಾರ ಹೊಲವೆಂದು ತಿಳಿಯಲಿಲ್ಲ. ಸಜ್ಜೆ ತೆನೆಗಟ್ಟಿ ನಿಂತಿತ್ತು. ಆಯಿ ಇಳಿದವಳೇ ಬಾಗಿ ಬಲಗೈಯಿಂದ ಒಂದು ಹಿಡಿ ಮಣ್ಣು ತೆಗೆದು, ತಿಕ್ಕಿ, “ಇದು ನಮ್ದ,” ಎಂದಳು. ಅವ್ವನ ಮುಖದಲ್ಲಿ ಬಣ್ಣ ಬಂತು. ಅಕ್ಕಪಕ್ಕದ ಹೊಲಗಳಲ್ಲಿ ಆಗಲೇ ಜನ ಸೇರಿದ್ದರು. ಕೆಲವರು ತಮ್ಮ ಕೆಲಸ ಬಿಟ್ಟು ನಮ್ಮ ಬದುವಿನ ತನಕ ಬಂದು ನಿಂತರು. ಜೀಪು ನೋಡಲು ಬಂದಿರಬೇಕು ಎಂದುಕೊಂಡೆ ನಾನು. ಅವ್ವ ಹಾಗೆ ಅಂದುಕೊಳ್ಳಲಿಲ್ಲ.

ಸೀಗಿ ಹುಣ್ಣಿಮೆಯ ದಿನ ನಮ್ಮ ಕಡೆ ಚರಗ ಚೆಲ್ಲುತ್ತಾರೆ. ಮನೆಯಲ್ಲಿ ಮಾಡಿದ ಅಡುಗೆಯನ್ನು ಹೊಲಕ್ಕೆ ತಂದು, ಐದು ಕಲ್ಲು ಇಟ್ಟು ಪೂಜಿಸಿ, ಬಸುರಿಗೆ ಉಣಿಸಿದ ಹಾಗೆ ಭೂಮಿತಾಯಿಗೆ ಆ ಅಡುಗೆಯನ್ನು ಹೊಲದ ಸುತ್ತ ಚೆಲ್ಲುತ್ತ ಹೋಗುವುದು. ಮುಂದೆ ಒಬ್ಬರು ಅನ್ನ ಚೆಲ್ಲಿದರೆ ಹಿಂದೆ ಒಬ್ಬರು ನೀರು ಚಿಮುಕಿಸಬೇಕು. ಚೆಲ್ಲುವುದು ಮನೆಯ ಗಂಡಸು, ಅವನಿಲ್ಲದಿದ್ದರೆ ಮನೆಯ ಹಿರಿಯರು. ಇನ್ನೊಬ್ಬರ ಹೊಲದಲ್ಲಿ ಕುಳಿತು ಉಣ್ಣಬಹುದು, ಆದರೆ ಇನ್ನೊಬ್ಬರ ಹೊಲಕ್ಕೆ ಯಾರೂ ಚರಗ ಚೆಲ್ಲುವುದಿಲ್ಲ. ಕಾಗದವಿಲ್ಲದ ಹೊಲಗಳಿಗೆ ಅದೇ ಕಾಗದ.

ಚಿಗವ್ವ ಬುಟ್ಟಿಯ ಬಟ್ಟೆ ತೆಗೆದಳು. ಕಡಬು, ಎಳ್ಳಿನ ಹೋಳಿಗೆ, ಕರ್ಚಿಕಾಯಿ, ಮೊಸರು ಕಲಸಿದ ಅನ್ನ. ಅವಳು ಬುಟ್ಟಿಯನ್ನು ಆಯಿಯ ಮುಂದೆ ಇಟ್ಟು, “ಅತ್ತಿ, ನೀವು ಹಿರೇರು, ನೀವ ಚೆಲ್ರಿ,” ಎಂದಳು. ಕಾಕಾ ಆಗಲೇ ನೀರಿನ ತಂಬಿಗೆ ಹಿಡಿದು ಆಯಿಯ ಹಿಂದೆ ನಿಂತಿದ್ದ.

ಅವ್ವನಿಗೆ ಎಲ್ಲ ಹೊಳೆಯಿತು. ಹೆಬ್ಬೆಟ್ಟು ಅಲ್ಲ, ಕಾಗದ ಅಲ್ಲ, ಇದು! ಅಡುಗೆ ಕಾಕಾನ ಒಲೆಯದು, ಬುಟ್ಟಿ ಅವನದು, ನೀರು ಹಿಡಿದವನು ಅವನು, ಚೆಲ್ಲುವವಳು ಎರಡೂ ಮನೆಗೆ ಹಿರಿಯಳಾದ ಆಯಿ. ನಾಳೆ ಇದೇ ಜನ ಹೇಳುತ್ತಾರೆ: ಚನ್ನಪ್ಪನ ಮನೆಯ ಚರಗ ಬಿದ್ದ ಹೊಲ ಚನ್ನಪ್ಪನದು, ಅದನ್ನು ಅವನ ದೊಡ್ಡವ್ವನೇ ಚೆಲ್ಲಿದಳು ಎಂದು.

“ನಿಲ್ರಿ ಅತ್ತಿ,” ಎಂದಳು ಅವ್ವ. ಆಮೇಲೆ ಕಾಕಾನ ಕಡೆ ತಿರುಗಿ, ಬದುವಿನ ಮೇಲೆ ನಿಂತವರಿಗೆಲ್ಲ ಕೇಳುವಂತೆ ಕೇಳಿದಳು: “ಚನ್ನಪ್ಪಾ, ಈ ಹೊಲ ಯಾರ್ದು?”

ಕಾಕಾನ ಮುಖ ಸಣ್ಣದಾಯಿತು. “ಇದೇನ್ರಿ ವೈನಿ, ಹಬ್ಬದ ದಿವ್ಸ ಕೇಳೂ ಮಾತೇನ್ ಇದು?”

“ಹಬ್ಬದ ದಿವ್ಸ ಸುಳ್ಳು ಹೇಳಾಕ ಬರೂದಿಲ್ಲ, ಅದಕ್ಕ ಕೇಳಿದ್ನಿ.”

“ಹೊಲ ಹೊಲದವ್ರದು,” ಎಂದ ಕಾಕಾ.

ಇದು ಉತ್ತರವೇ? ಐದು ವರ್ಷದಿಂದ ನಾನು ಈ ಎರಡು ಪದಗಳನ್ನು ತಿರುಗಿಸಿ ತಿರುಗಿಸಿ ನೋಡುತ್ತಿದ್ದೇನೆ.

“ಹಂಗಾರ ಚರಗಾನೂ ಹೊಲದವ್ರ ಒಲೀದ ಆಗ್ಲಿ,” ಎಂದು ಅವ್ವ ತನ್ನ ಗಂಟು ಬಿಚ್ಚಿ ಒಣಗಿದ ಸಜ್ಜೆ ರೊಟ್ಟಿ ಮುರಿದು, ಪುಂಡಿಪಲ್ಯ ಕಲಸಿ ಆಯಿಯ ಕೈಗೆ ಕೊಟ್ಟಳು. ಆಯಿ ಒಮ್ಮೆ ಕಡಬಿನ ಕಡೆ, ಒಮ್ಮೆ ರೊಟ್ಟಿಯ ಕಡೆ ನೋಡಿದಳು. ಬಸುರಿಗೆ ಯಾರು ಒಣರೊಟ್ಟಿ ಉಣಿಸುತ್ತಾರೆ? ಆದರೂ ನಡೆದಳು. ನೀರಿಗಾಗಿ ನಾನು ಕಾಕಾನ ಮುಂದೆ ಕೈಚಾಚಿದೆ. ಅವನು ತಂಬಿಗೆಯನ್ನು ಕೊಟ್ಟ. ಆ ನೀರು ಅವನದಲ್ಲವೇ ಎಂದು ಅವ್ವನನ್ನು ನೋಡಿದೆ. ಅವಳೂ ಅದನ್ನೇ ಯೋಚಿಸಿದ್ದಳು. “ಹಳ್ಳದ ನೀರು, ನಡಿ,” ಎಂದಳು. ಹೀಗೆ ಆಯಿ ಮುಂದೆ, ನಾನು ಹಿಂದೆ, ಸಜ್ಜೆಯ ಸಾಲುಗಳ ಸುತ್ತ ಒಂದು ಸುತ್ತು ಬಂದೆವು. ಆಯಿ ಆಗಲೂ ಬಲಗೈಯಿಂದಲೇ ಚೆಲ್ಲುತ್ತಿದ್ದಳು.

ಊಟಕ್ಕೆ ಕುಳಿತಾಗ ಚಿಗವ್ವ ಅವ್ವನ ಎಲೆಗೆ ಕಡಬು ಬಡಿಸಿದಳು. ಅವ್ವ ಅದನ್ನು ಮುಟ್ಟಲಿಲ್ಲ. ನಾನೂ ಮುಟ್ಟಲಿಲ್ಲ, ಆಯಿ ಮಾತ್ರ ಎರಡು ತಿಂದಳು. ಮರಳುವಾಗ ಕಾಕಾ ಬಂಡಿ ದಾರಿಯಲ್ಲೇ ಬಂದ. ಯಾವ ಗುಡ್ಡವನ್ನೂ ತೋರಿಸಲಿಲ್ಲ.

ಮುಂದಿನ ವರ್ಷದಿಂದ ಅವ್ವ ಹೊಲವನ್ನು ತಾನೇ ಆಳುಗಳನ್ನು ಹಚ್ಚಿ ಮಾಡಿಸಿದಳು. ಕಾಕಾ ತಡೆಯಲಿಲ್ಲ. ಆಮೇಲೆ ಯಾವ ಹೊಲ ಯಾರ ಸಾಗುವಳಿಯಲ್ಲಿದೆ ಎಂದು ವಿಚಾರಿಸಲು ಅಧಿಕಾರಿಗಳು ಬಂದಾಗ ಸುತ್ತಲಿನ ರೈತರು ಒಕ್ಕೊರಲಿನಿಂದ ಹೇಳಿದರು: “ರೋಣದವ್ರ ಚರಗ ಬಿದ್ದದ್ದು ನಾವು ಕಣ್ಣಾರೆ ನೋಡೇವ್ರಿ, ಹೊಲ ಅವ್ರದ.” ಅಲ್ಲೇ ನಿಂತಿದ್ದ ಕಾಕಾ, “ಹೌದ್ರಿ,” ಎಂದನಂತೆ. ಹೊಲ ಅವ್ವನ ಹೆಸರಿಗೆ ಆಯಿತು. ನನ್ನ ಮ್ಯಾಟ್ರಿಕ್ ಆಯಿತು. ಆದರೆ ಎರಡು ಮನೆಗಳ ನಡುವಿನ ಹೋಗಿಬರುವುದು ಆ ಹುಣ್ಣಿಮೆಗೇ ನಿಂತಿತ್ತು. ಹೋದ ವರ್ಷ ಕಾಕಾ ತೀರಿಕೊಂಡ. ಅವ್ವ ಮಣ್ಣಿಗೆ ಹೋಗಿ, ಅಂಗಳದಲ್ಲೇ ನಿಂತು, ಬಂದ ಬಸ್ಸಿನಲ್ಲೇ ಮರಳಿದಳು. ಆಯಿಯೂ ಈಗ ಇಲ್ಲ.

ಅವ್ವ ಆ ದಿನದ ಕಥೆಯನ್ನು ತಾನು ಗೆದ್ದ ಕಥೆಯಾಗಿ ಹೇಳುತ್ತಿದ್ದಳು. ನಾನೂ ಹಾಗೆಯೇ ನಂಬಿದ್ದೆ, ಈ ಮೇ ತಿಂಗಳವರೆಗೆ.

ಮೇ ತಿಂಗಳಲ್ಲಿ ಹೊಲದ ಬದು ಹಾಕಿಸಲು ನಾನೊಬ್ಬಳೇ ಕಣಿವೆಗೆ ಹೋಗಿದ್ದೆ. ಪಕ್ಕದ ಹೊಲದ ದ್ಯಾಮವ್ವ ಮಜ್ಜಿಗೆ ಕೊಡುತ್ತ ಹೇಳಿದಳು: “ನಿಮ್ಮ ಕಾಕಾ ಚಲೋ ಮನಷ್ಯಾ ನೋಡವಾ. ಚರಗದ ಹಿಂದಿನ ಸಂಜಿ ಮನಿ ಮನಿಗೆ ಬಂದು ಹೇಳಿ ಹೋಗಿದ್ದ. ‘ನಾಳೆ ರೋಣದಿಂದ ಹೊಲದವ್ರು ಬರ್ತಾರ, ಬಂದು ಕಣ್ಣಾರೆ ನೋಡ್ರಿ, ಮುಂದ ಯಾರರೆ ಕೇಳಿದ್ರ ಹೇಳಾಕ ಬರಬೇಕು’ ಅಂತ.”

ನಾನು ಮಜ್ಜಿಗೆಯ ಲೋಟ ಕೆಳಗಿಟ್ಟೆ. ಪಕ್ಕದಲ್ಲಿ ಕುಳಿತಿದ್ದ ಯಲ್ಲಪ್ಪಜ್ಜ, ಇನ್ನೊಂದು ಬದಿಯ ಹೊಲದವನು, ತಲೆ ಅಲ್ಲಾಡಿಸಿದ.

“ಏ, ಹಂಗಲ್ಲಬೇ ದ್ಯಾಮಿ. ‘ನಮ್ಮ ದೊಡ್ಡವ್ವ ಬರ್ತಾಳ, ನಮ್ಮ ಹೊಲಕ್ಕ ಚರಗ ಚೆಲ್ತಾಳ, ಬಂದು ನೋಡ್ರಿ’ ಅಂದಿದ್ದ. ನನ್ನ ಕಿವಿ ಆಗ ಚಲೋ ಇದ್ವು.”

“ನಿನ್ನ ಕಿವಿ ಎಂದ ಚಲೋ ಇದ್ವು? ಹೆಂಡ್ತಿ ಕರದ್ರ ಕೇಳ್ತಿದ್ದಿಲ್ಲ!”

“ಅದು ಕಿವಿ ದೋಷ ಅಲ್ಲ ತಗೀ!”

ಇಬ್ಬರೂ ನಕ್ಕರು. ನನಗೆ ನಗು ಬರಲಿಲ್ಲ. ಅಂದೇ ಮಧ್ಯಾಹ್ನ ಗಜೇಂದ್ರಗಡದಲ್ಲಿ ಚಿಗವ್ವನ ಮನೆಯ ಬಾಗಿಲಲ್ಲಿ ನಿಂತೆ. ಅವಳು ನನ್ನನ್ನು ಒಳಗೆ ಕರೆದು, ಕೈಕಾಲಿಗೆ ನೀರು ಕೊಟ್ಟಳು. ನಾನು ನೇರವಾಗಿಯೇ ಕೇಳಿದೆ.

“ಹೊಲದ ಮಾತು ನನಗ ಯಾರ್ ಹೇಳ್ತಿದ್ರವಾ,” ಎಂದಳು. “ನಿಮ್ಮ ಕಾಕಾ ‘ಅಡಗಿ ಮಾಡು, ವೈನಿ ಬರ್ತಾರ’ ಅಂದ, ಮಾಡಿದ್ನಿ. ರಾತ್ರಿ ಬೆಳತನಕ ಒಲಿ ಮುಂದ ಕುಂತು ಕಡಬು ಮಾಡಿದ್ನಿ. ನಿಮ್ಮವ್ವ ಒಂದೂ ತಿನ್ಲಿಲ್ಲ. ನನಗ ಗೊತ್ತಿರೂದು ಇಷ್ಟ.”

ಮನೆಗೆ ಬಂದು ನನ್ನ ಅಭ್ಯಾಸದಂತೆ ಹಾಳೆಯ ನಡುವೆ ಗೆರೆ ಎಳೆದೆ. ಒಂದು ಕಡೆ ಕಾಕಾ ಹೊಲ ನುಂಗಲು ಬಂದಿದ್ದ ಎನ್ನುವುದಕ್ಕೆ ಆಧಾರ, ಇನ್ನೊಂದು ಕಡೆ ಕೊಡಲು ಬಂದಿದ್ದ ಎನ್ನುವುದಕ್ಕೆ. ಏನೂ ತರಬೇಡಿ ಎಂದದ್ದು, ಸುತ್ತು ಹಾಕಿ ತಂದದ್ದು, ಜನ ಸೇರಿಸಿದ್ದು, ತಂಬಿಗೆ ಹಿಡಿದು ಹಿಂದೆ ನಿಂತದ್ದು, “ಹೊಲ ಹೊಲದವ್ರದು” ಎಂದದ್ದು. ಬರೆದು ಮುಗಿಸಿ ನೋಡಿದರೆ ಗೆರೆಯ ಎರಡೂ ಕಡೆ ಅವೇ ಸಂಗತಿಗಳಿದ್ದವು.

ಅವ್ವನಿಗೆ ಎಲ್ಲವನ್ನೂ ಹೇಳಿದೆ. ಅವಳು ಮೊರದಲ್ಲಿ ಕಾಳು ಕೇರುತ್ತಲೇ ಕೇಳಿಸಿಕೊಂಡಳು.

“ದ್ಯಾಮವ್ವ ಹೇಳೂದು ಖರೇ ಇದ್ರ, ‘ವೈನಿ, ಇದು ನಿಮ್ದ’ ಅಂತ ಅಂವ ಒಂದ ಮಾತು ಯಾಕ ಅನ್ನಲಿಲ್ಲ?”

“ಅಷ್ಟ ಮಂದಿ ಮುಂದ ಕಳ್ಳನ್ನ ಕೇಳಿದಂಗ ಕೇಳಿದ್ರ ಯಾರ್ ಅಂತಾರವ್ವಾ?” ಎಂದುಬಿಟ್ಟೆ.

ಅಂದಿನಿಂದ ಆ ಕಥೆಯನ್ನು ಅವಳು ಯಾರಿಗೂ ಹೇಳಿಲ್ಲ.

ಇವತ್ತು ಬೆಳಿಗ್ಗೆ ಆ ಸರ್ಕಾರಿ ಜೀಪಿನ ಧೂಳು ಕೂತ ಮೇಲೆ ಅವ್ವ ಒಳಗೆ ಹೋದಳು. ಮತ್ತೆ ಹೊರಗೆ ಬಂದು, ನನ್ನ ಕಡೆ ನೋಡದೆ ಹೇಳಿದಳು: “ನೀ ಬರಿಯಾಕಿ ಅದಿಯಲ್ಲ. ಬರದು ಕೇಳು. ಅವತ್ತ ಬದುವಿನ ಮ್ಯಾಲ ಭಾಳ ಮಂದಿ ಇದ್ರು. ಯಾರಿಗರೆ ನೆನಪಿರಬೇಕು.”

ಅದಕ್ಕೇ ಬರೆಯಲು ಕುಳಿತದ್ದು. ಸೀಗಿ ಹುಣ್ಣಿಮೆಗೆ ಇನ್ನು ಹದಿನೈದು ದಿನ ಇದೆ. ಆ ದಿನ ನಾನು ಚಿಗವ್ವನ ಮನೆಗೆ ಊಟಕ್ಕೆ ಹೋಗುವವಳಿದ್ದೇನೆ, ಯಾವ ಸಾಕ್ಷಿಗೂ ಕಾಯದೆ. ಅವ್ವ ಬರುತ್ತಾಳೋ ಇಲ್ಲವೋ ಗೊತ್ತಿಲ್ಲ. ಅವಳಿಗೆ ಮೊದಲು ತಿಳಿಯಬೇಕಂತೆ.

ಆದ್ದರಿಂದ ಇದನ್ನು ಓದುತ್ತಿರುವವರಲ್ಲಿ ಯಾರಾದರೂ ೧೯೫೩ರ ಆ ಹುಣ್ಣಿಮೆಯಂದು ಗಜೇಂದ್ರಗಡದ ಕಣಿವೆಯ ಹೊಲಗಳಲ್ಲಿ ಇದ್ದವರಿದ್ದರೆ, ಹಿಂದಿನ ಸಂಜೆ ಹತ್ತಿ ವ್ಯಾಪಾರದ ಚನ್ನಪ್ಪ ನಿಮ್ಮ ಬಾಗಿಲಿಗೂ ಬಂದಿದ್ದರೆ, ಅವನು ಯಾರ ಹೊಲವೆಂದು ಹೇಳಿದ ಎಂಬುದನ್ನು ದಯವಿಟ್ಟು ಈ ಪತ್ರಿಕೆಯ ಮೂಲಕ ನನಗೆ ಬರೆಯಿರಿ. ನಮ್ಮ ಮನಸ್ಸಿಗೆ ಹಿತವಾಗಲೆಂದು ಏನನ್ನೂ ತಿದ್ದಬೇಡಿ. ಬಂದದ್ದನ್ನು ಬಂದ ಹಾಗೆಯೇ ಅವ್ವನಿಗೆ ಓದಿ ಹೇಳುತ್ತೇನೆಂದು ಮಾತು ಕೊಟ್ಟಿದ್ದೇನೆ.